ಚಿಯಾ, ಕಿನೋವಾ ಮತ್ತು ಅಮ್ಮನ ಕಾಫಿ

ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಮೊಬೈಲು ಕುಂಯ್ ಅಂದಿತು. ನೋಡಿದರೆ ನಾವು ದಿನಸಿ ತರಿಸುವ ಆನ್‌ಲೈನ್ ಅಂಗಡಿ. 'ಗೋಪಿನಾಥ್, ನಿಮ್ಮ ಮನೆಯಲ್ಲಿ ಚಿಯಾ ಬೀಜ ಮುಗಿದಿರಬೇಕಲ್ಲವೇ?' ಎಂದು ಕೇಳಿತ್ತು. ನನ್ನ ಸ್ವಂತ ತಮ್ಮ ಫೋನ್ ಮಾಡಿ ತಿಂಗಳುಗಳಾದವು. ಆಫೀಸಿಗೆ ರಜೆ ಹಾಕಿ ವಾಪಸ್ಸು ಹೋದರೆ 'ಏನ್ ಸಾರ್, ಕಾಣ್ಲೇ ಇಲ್ಲ' ಅನ್ನುವವರಿಲ್ಲ. ಅಂಥದ್ದರಲ್ಲಿ ನಮ್ಮ ಮನೆಯ ಡಬ್ಬದ ತಳ ಕಂಡಿತೇ ಎಂದು ವಿಚಾರಿಸುವ ಜೀವ ಒಂದಾದರೂ ಇದೆಯಲ್ಲ ಎಂದು ಬಾಯಲ್ಲಿ ನೊರೆ ಇಟ್ಟುಕೊಂಡೇ ಸ್ವಲ್ಪ ಹೊತ್ತು ಭಾವುಕನಾದೆ. ಆಮೇಲೆ ಚಿಯಾ ಎಂಬ ಹೆಸರು ನೋಡಿ ನಗು ಬಂತು. ನೊರೆ ಕನ್ನಡಿಗೆ ಹಾರಿತು. ಅದನ್ನು ಒರೆಸುತ್ತ ಒರೆಸುತ್ತ ಹೋದ ವರ್ಷದ್ದೆಲ್ಲ ನೆನಪಾಯಿತು.

ಅದು ಶುರುವಾದದ್ದು ಇಂದಿರಾನಗರದ ಒಂದು ಕ್ಲಿನಿಕ್ಕಿನಲ್ಲಿ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ರಕ್ತದ ರಿಪೋರ್ಟು ನೋಡಿ, "ಸರ್, ಶುಗರ್ ವಿಷಯದಲ್ಲಿ ನೀವು ಬಾರ್ಡರಲ್ಲಿದೀರಿ. ಮೂರು ತಿಂಗಳು ಟೈಮ್ ಕೊಡ್ತೀನಿ. ಊಟ ಬದಲಾಯಿಸಿ, ದಿನಾ ನಡೀರಿ. ಇಳಿಲಿಲ್ಲ ಅಂದ್ರೆ ಮಾತ್ರೆ ಶುರು ಮಾಡ್ಬೇಕಾಗುತ್ತೆ," ಅಂದರು. ನಮ್ಮಪ್ಪ ಸಕ್ಕರೆ ಕಾಯಿಲೆಯಲ್ಲೇ ಸೊರಗಿ ಸೊರಗಿ ಹೋದವರು. ಮಾತ್ರೆ ಎಂಬ ಶಬ್ದ ಕೇಳಿದ್ದೇ ನನ್ನ ಕಣ್ಣಿಗೆ ಅವರ ತಲೆದಿಂಬಿನ ಪಕ್ಕದ ಮಾತ್ರೆ ಡಬ್ಬ ಬಂದು ನಿಂತಿತು. ಏನಾದರಾಗಲಿ ಇಳಿಸಿಯೇ ಸೈ ಎಂದು ಅಲ್ಲೇ ತೀರ್ಮಾನ ಮಾಡಿದೆ. ಡಾಕ್ಟರು ಹೇಳಿದ್ದು ಎರಡು ಮಾತು, ಊಟ ಬದಲಾಯಿಸಿ ಮತ್ತು ನಡೆಯಿರಿ ಎಂದು. ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ಅದನ್ನಾದರೆ ಕುಳಿತಲ್ಲೇ ಮಾಡಬಹುದಿತ್ತು.

ನನ್ನ ಉದ್ಯೋಗದ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗಲಿಕ್ಕಿಲ್ಲ. ಗರುಡಾಚಾರ್‌ಪಾಳ್ಯದಲ್ಲಿ ನೀರೆತ್ತುವ ಪಂಪಿನ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಿದೆ. ನಾನು ಅಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಒಂದು ವಾಷರ್ ಕೂಡ ಖಾಲಿಯಾಗಬಾರದು ಎನ್ನುವುದೇ ನನ್ನ ಜೀವನದ ಸಿದ್ಧಾಂತ. ಅಂಥವನ ಕೈಗೆ ಆರೋಗ್ಯದ ಭಯವನ್ನೂ, ಬೆರಳೊತ್ತಿದರೆ ಬಾಗಿಲಿಗೆ ಬರುವ ಅಂಗಡಿಯನ್ನೂ ಒಟ್ಟಿಗೆ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಚಿಯಾ, ಕಿನೋವಾ, ಓಟ್ಸು, ಅಗಸೆ ಬೀಜ, ಕುಂಬಳದ ಬೀಜ, ಸೂರ್ಯಕಾಂತಿ ಬೀಜ, ಬಾದಾಮಿ, ಕಡಲೆಬೀಜದ ಬೆಣ್ಣೆ, ಜೇನು ಬೆರೆಸಿ ಹುರಿದ ಗ್ರನೋಲಾ, ಚಾಕೊಲೇಟಿನ ಹಾಗೆ ಪಟ್ಟಿ ಮಾಡಿದ ಖರ್ಜೂರದ ಬಾರು, ಬೆಲ್ಲದ ರಾಗಿ ಬಿಸ್ಕತ್ತು ಎಲ್ಲ ಬಂದವು. ಒಂದೊಂದೂ ಎರಡೆರಡು ಪೊಟ್ಟಣ. ಒಂದು ಬಳಕೆಗೆ, ಒಂದು ಸ್ಟಾಕಿಗೆ.

ರಾಮಮೂರ್ತಿ ನಗರದ ನಮ್ಮ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಇರುವುದು ಮೂರೇ ಜನ. ನಾನು, ಕೆ.ಆರ್. ಪುರದ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವ ನನ್ನ ಹೆಂಡತಿ ಲತಾ, ಮತ್ತು ಎಂಬತ್ತರ ಹೊಸ್ತಿಲಲ್ಲಿರುವ ಅಮ್ಮ. ಅಮ್ಮನಿಗೆ ಇಷ್ಟು ವಯಸ್ಸಾದರೂ ಸಕ್ಕರೆಯೂ ಇಲ್ಲ, ಬಿ.ಪಿ.ಯೂ ಇಲ್ಲ. ಅದರ ಬಗ್ಗೆ ಅವಳಿಗೆ ಸಣ್ಣ ಜಂಬವೂ ಉಂಟು. ಊಟದ ಮೇಜಿನ ಮೇಲೆ ನಾನು ಹರಡಿದ ಪೊಟ್ಟಣಗಳನ್ನು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ಅಲ್ಲಾಡಿಸಿ ನೋಡಿ, "ಇದೇನೋ ಗೋಪಿ, ಗಿಳಿ ಸಾಕ್ತೀಯಾ?" ಅಂದಳು.

"ಇಲ್ಲಮ್ಮ, ಇದೆಲ್ಲ ನಾನೇ ತಿನ್ನೋದು."

"ಅಯ್ಯೋ ಶಿವನೇ," ಅಂದವಳು ಪೊಟ್ಟಣವನ್ನು ಕೆಳಗಿಟ್ಟು, ಬಹಳ ಮೆತ್ತಗೆ, "ನಿಜ ಹೇಳು, ಡಾಕ್ಟ್ರು ಇನ್ನೇನು ಹೇಳಿದ್ರು?" ಅಂತ ಕೇಳಿದಳು.

ಮಗನಿಗೆ ಹಕ್ಕಿ ತಿನ್ನುವುದನ್ನು ತಿನ್ನು ಎಂದಿದ್ದಾರೆ ಅಂದಮೇಲೆ ಕಾಯಿಲೆ ಕೈಮೀರಿದೆ ಎಂದೇ ಅವಳು ಅವತ್ತು ನಂಬಿದ್ದು. ಲತಾ ಪಕ್ಕದಲ್ಲಿ ಕೂತು ಬಾರ್ಡರು ಎಂದರೆ ಏನು ಎಂದು ಚಿತ್ರ ಬರೆದು ಪಾಠ ಮಾಡಿದಳು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಅವರಪ್ಪನಿಗೂ ಮೊದಲು ಹಾಗೇ ಅಂದಿದ್ರು," ಎಂದು ಎದ್ದುಹೋದಳು.

ನಾನು ಹುಟ್ಟಿ ಬೆಳೆದದ್ದು ಹಲಸೂರಿನ ಒಂದು ವಠಾರದಲ್ಲಿ. ಅಲ್ಲಿಂದ ಬಜಾರ್ ಬೀದಿಯ ಶೆಟ್ಟರ ಅಂಗಡಿಗೆ ಓಡಿಹೋಗಿ ಸಾಮಾನು ತರುವುದು ನನ್ನ ಕೆಲಸ. ನನಗೆ ಆ ಕೆಲಸದ ಮೇಲೆ ಬಹಳ ಪ್ರೀತಿ. ಅದಕ್ಕೆ ಕಾರಣ ಕೊಸರು. ಶೆಟ್ಟರು ಬೇಳೆ ತೂಗಿ, ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಮೇಲಿಂದ ನೇತಾಡುವ ಉಂಡೆಯಿಂದ ದಾರ ಎಳೆದು ಸುತ್ತಿ, ಕೊನೆಗೆ ನನ್ನ ಅಂಗೈಗೆ ಒಂದಿಷ್ಟು ಹುರಿಗಡಲೆಯನ್ನೋ ಬೆಲ್ಲದ ಚೂರನ್ನೋ ಹಾಕುತ್ತಿದ್ದರು. ಅದಕ್ಕೆ ಕಾಸಿಲ್ಲ, ಲೆಕ್ಕವಿಲ್ಲ. ಪಕ್ಕದ ಮನೆಯ ಸೆಲ್ವಿ ಅಕ್ಕನ ಸಾಮಾನನ್ನೂ ನಾನೇ ತಂದುಕೊಡುತ್ತಿದ್ದೆ. ಜನ ನನ್ನನ್ನು ಉಪಕಾರಿ ಅಂದುಕೊಂಡಿದ್ದರು. ಅದು ಎರಡನೇ ಕೊಸರಿನ ಆಸೆ ಎಂದು ಶೆಟ್ಟರಿಗೆ ಮಾತ್ರ ಗೊತ್ತಿತ್ತು.

ಈ ಕೊಸರಿನ ಲೋಕದಿಂದ ಬಂದ ಅಮ್ಮನಿಗೆ ಆನ್‌ಲೈನ್ ಅಂಗಡಿಯ ಪರಿಚಯವಾದದ್ದು ಬಾಗಿಲಿನಲ್ಲಿ. ನಮ್ಮ ಬೀದಿಗೆ ಸಾಮಾನು ತರುವವನು ಯಾದಗಿರಿ ಕಡೆಯ ಶರಣಪ್ಪ. ನಲವತ್ತರ ಆಸುಪಾಸಿನ, ಹೆಂಡತಿ ಮಕ್ಕಳ ಜತೆ ಹಿಂದಿನ ಬೀದಿಯ ರೂಮಿನಲ್ಲಿರುವ ಮನುಷ್ಯ. ಅವನು ಚೀಲ ಕೊಟ್ಟು ಹೊರಡುವುದರಲ್ಲಿದ್ದ. ಅಮ್ಮ ಅಂಗೈ ಚಾಚಿ ನಿಂತೇ ಇದ್ದಳು.

"ಏನ್ ಬೇಕ್ರಿ ಅವ್ವಾ?"

"ಕೊಸರು ಎಲ್ಲಪ್ಪಾ?"

ಶರಣಪ್ಪ ಒಂದು ಕ್ಷಣ ಪೆಚ್ಚಾದ. ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟ. "ಕೊಸರು ಆ್ಯಪ್‌ನ್ಯಾಗ ಇಲ್ರಿ ಅವ್ವಾ. ಆಫರ್ ಐತ್ರಿ. ಎರಡು ತಗೊಂಡ್ರ ಒಂದು ಪುಕ್ಕಟ್ಟೆ."

"ಒಂದು ತಗೊಂಡವರಿಗೆ ಚೂರು ಕೊಟ್ರೆ ಅದು ಕೊಸರು. ಇನ್ನೊಂದು ತಗೋ ಅಂತ ಗಂಟು ಬಿದ್ರೆ ಅದು ವ್ಯಾಪಾರ," ಎಂದು ಅಮ್ಮ ಚೀಲ ಎತ್ತಿಕೊಂಡು ಒಳಗೆ ಬಂದಳು. ಮುಂದಿನ ಸಲ ಶರಣಪ್ಪ ಕಿನೋವಾ ಚೀಲದ ಜತೆಗೆ ತನ್ನ ಜೇಬಿನಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು, "ಹಿಡೀರವ್ವಾ, ನಿಮ್ಮ ಕೊಸರು," ಅಂದನಂತೆ. ಅವತ್ತಿನಿಂದ ಆ ಅಂಗಡಿಯ ಬಗ್ಗೆ ಯಾರೇನೇ ಅಂದರೂ ಅಮ್ಮ ಕೇಳುತ್ತಿರಲಿಲ್ಲ.

ಆದರೆ ಅಂಗಡಿ ಒಳ್ಳೆಯದಾದ ಮಾತ್ರಕ್ಕೆ ಸಾಮಾನು ಒಳ್ಳೆಯದು ಅಂತಲ್ಲವಲ್ಲ. ಕಿನೋವಾ ಬೇಯಿಸಿದರೆ ಪ್ರತಿಯೊಂದು ಕಾಳೂ ಒಂದು ಬಿಳಿಯ ಎಳೆ ಬಿಚ್ಚಿಕೊಳ್ಳುತ್ತದೆ. ನಾನು ಬಹಳ ಶ್ರದ್ಧೆಯಿಂದ ಬೇಯಿಸಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಪಾತ್ರೆ ತೊಳೆದು ಬೋರಲು ಹಾಕಿತ್ತು. "ಪೂರ್ತಿ ಹುಳ ಕಣೋ. ಪಾಪ, ಶರಣಪ್ಪನಿಗೆ ಗೊತ್ತಿಲ್ಲ, ಯಾರೋ ಮೋಸ ಮಾಡಿದಾರೆ," ಅಂದಳು ಅಮ್ಮ. ಉಳಿದ ಒಣ ಕಿನೋವಾ ತಾರಸಿಯ ಮೇಲೆ ಹುಳ ಬಿಡಲಿ ಎಂದು ಬಿಸಿಲಿಗೆ ಹರಡಿಕೊಂಡಿತ್ತು. ರಾಮಮೂರ್ತಿ ನಗರದ ಪಾರಿವಾಳಗಳಲ್ಲಿ ಯಾವುದಕ್ಕಾದರೂ ಶುಗರ್ ಇದ್ದಿದ್ದರೆ ಅವತ್ತೇ ಇಳಿದಿರಬೇಕು.

ಇದರ ನಡುವೆ ಒಂದು ಸೋಮವಾರ ಅಮ್ಮ ಲತಾಳನ್ನು ಕರೆದುಕೊಂಡು ಹಲಸೂರಿನ ಸೋಮೇಶ್ವರನ ಗುಡಿಗೆ ಹೋಗಿಬಂದಳು. ಬಂದವಳಿಗೆ ಲತಾ ಕಾಫಿ ಕೊಟ್ಟರೆ ಬೇಡ ಅಂದಳು. ಮೈ ಸರಿಯಿಲ್ಲವೇ ಎಂದು ಕೇಳಿದೆ.

"ಹರಕೆ ಹೊತ್ತಿದೀನಿ. ನಿನ್ನ ಸಕ್ಕರೆ ಇಳಿಯೋ ತನಕ ಕಾಫಿ ಮುಟ್ಟಲ್ಲ."

ನಾನು ಕುರ್ಚಿಯಲ್ಲಿ ಕುಸಿದು ಕೂತೆ. ಅಮ್ಮನ ಕಾಫಿಯ ವಿಚಾರ ನಿಮಗೆ ಗೊತ್ತಿಲ್ಲ. ಅವಳು ಬೆಳಿಗ್ಗೆ ಕಾಫಿ ಕುಡಿಯುವ ಮುಂಚೆ ಯಾರ ಜತೆಗೂ ಮಾತಾಡಿದವಳಲ್ಲ, ದೇವರ ಜತೆಗೂ. ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುವುದನ್ನು ಸೆಲ್ವಿ ಅಕ್ಕನಿಂದ ಕಲಿತು, ಆಮೇಲೆ ಸೆಲ್ವಿ ಅಕ್ಕನಿಗೇ ತಪ್ಪು ಹೇಳುವಷ್ಟು ಮುಂದುವರಿದವಳು. ನಮ್ಮಪ್ಪ ಹೋದ ದಿನವೂ ಯಾರೋ ಒತ್ತಾಯ ಮಾಡಿ ಕೊಟ್ಟ ಲೋಟವನ್ನು ಅಳುತ್ತಳುತ್ತ ಕುಡಿದು, "ಹಾಲು ನೀರಾಗಿದೆ," ಅಂದವಳು.

"ಅಮ್ಮಾ, ಬೇರೆ ಏನಾದ್ರೂ ಬಿಡಬಹುದಿತ್ತಲ್ಲಾ," ಅಂದೆ.

ಕಾಶಿಗೆ ಹೋದವರು ಪ್ರೀತಿಯದೇನಾದರೊಂದನ್ನು ಅಲ್ಲೇ ಬಿಟ್ಟು ಬರಬೇಕು ಎನ್ನುತ್ತಾರೆ. ನನ್ನ ಸೋದರಮಾವ ಕಾಶಿಯಲ್ಲಿ ಬಿಟ್ಟು ಬಂದದ್ದು ಹಾಗಲಕಾಯಿ. ಅದನ್ನು ಆತ ಕಾಶಿಗೆ ಹೋಗುವ ಮೊದಲೂ ಬಾಯಿಗಿಟ್ಟವನಲ್ಲ. ಅತ್ತೆ ಸೀಮೆಬದನೆ ಬಿಟ್ಟಳು. ನಮ್ಮ ವಂಶದಲ್ಲಿ ತ್ಯಾಗ ಎಂದರೆ ಈ ಮಟ್ಟದ್ದು. ನಾನು ಮಾವನ ಉದಾಹರಣೆ ಕೊಟ್ಟು, ಹಾಗಲಕಾಯಿ ಇನ್ನೂ ಖಾಲಿಯಿದೆ ಎಂದು ಸೂಚಿಸಿದೆ.

"ಬೇಡದ್ದನ್ನ ಬಿಟ್ರೆ ದೇವರಿಗೆ ಗೊತ್ತಾಗಲ್ವೇನೋ?" ಅಂದಳು ಅಮ್ಮ.

ಅಲ್ಲಿಗೆ ನನ್ನ ಸಕ್ಕರೆ ನನ್ನದಾಗಿ ಉಳಿಯಲಿಲ್ಲ. ಮೊದಲ ವಾರ ಅಮ್ಮ ತಲೆಗೆ ಬಟ್ಟೆ ಬಿಗಿದುಕೊಂಡು ಓಡಾಡಿದಳು. ಟಿ.ವಿ.ಯವರ ಮೇಲೆ ರೇಗಿದಳು, ಮಿಕ್ಸಿಯನ್ನು ಬೈದಳು, ರೆಕಾರ್ಡು ಹಾಕಿಕೊಂಡು ಬರುವ ಈರುಳ್ಳಿ ಗಾಡಿಯವನ ಜತೆ ಬಾಲ್ಕನಿಯಿಂದಲೇ ಜಗಳ ಆಡಿದಳು. ಅವಳೆದುರು ಕುಡಿಯಲು ಮನಸ್ಸಾಗದೆ ನಾನೂ ಲತಾಳೂ ಚಹಾಕ್ಕೆ ಬದಲಾದೆವು. ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಬೆಳಗಿನ ಹೊತ್ತು. ಕಾಫಿಯ ವೇಳೆಗೆ ಸರಿಯಾಗಿ ಅಮ್ಮ ಲೋಟಕ್ಕೆ ಬಿಸಿನೀರು ಹಾಕಿಕೊಂಡು, ಅದನ್ನು ಡಬರಿಗೆ ಸುರಿದು, ಮತ್ತೆ ಲೋಟಕ್ಕೆ ಸುರಿದು, ಆರಿಸಿಕೊಂಡು ಬಾಲ್ಕನಿಯಲ್ಲಿ ಕೂತು ಕುಡಿಯುತ್ತಿದ್ದಳು. ಅದನ್ನು ನೋಡಿದರೆ ನನಗೆ ಎಷ್ಟು ಸಂಕಟವಾಗುತ್ತಿತ್ತೆಂದರೆ ಒಳಗೆ ಹೋಗಿ ಇನ್ನೊಂದು ಚಮಚ ಚಿಯಾ ನುಂಗುತ್ತಿದ್ದೆ.

ಚಿಯಾ ಅಂದೆನಲ್ಲ. ಅಂಗಡಿಯಿಂದ ಬಂದದ್ದನ್ನು ಪೊಟ್ಟಣದಲ್ಲೇ ಇಡುವುದು ಅಮ್ಮನ ಪ್ರಕಾರ ಸೋಮಾರಿಗಳ ಲಕ್ಷಣ. ಬಂದ ಕೂಡಲೇ ಕತ್ತರಿಸಿ, ಡಬ್ಬಕ್ಕೆ ಸುರಿದು, ಪೊಟ್ಟಣವನ್ನು ತೊಳೆದು ಒಣಹಾಕಿ, ಮಡಚಿ ಮಂಚದ ಹಾಸಿಗೆಯ ಕೆಳಗಿಡಬೇಕು. ನಾನು ಸ್ಟಾಕಿಗೆಂದು ಮತ್ತೆ ತರಿಸಿದ ಚಿಯಾ ಪೊಟ್ಟಣ ಬಂದಾಗ ನಾವಿಬ್ಬರೂ ಮನೆಯಲ್ಲಿರಲಿಲ್ಲ. ಕಪ್ಪಗೆ ಚಿಕ್ಕಚಿಕ್ಕ ಕಾಳು. ಸಾಸಿವೆ ಡಬ್ಬ ಬೇರೆ ಖಾಲಿಯಾಗಿತ್ತು. ಗೋಪಿ ನೆನಪಿಟ್ಟುಕೊಂಡು ಸಾಸಿವೆ ತರಿಸಿದಾನೆ ಎಂದು ಅಮ್ಮ ಸಂತೋಷದಿಂದ ಸುರಿದುಬಿಟ್ಟಳು.

ಮಾರನೇ ದಿನ ನಮಗೆ ರಜೆ. ಸಾರಿಗೆ ಒಗ್ಗರಣೆ. ಎಣ್ಣೆ ಕಾದಿದೆ, ಸಾಸಿವೆ ಸಿಡಿಯುತ್ತಿಲ್ಲ. ಅಮ್ಮ ಇನ್ನೊಂದು ಚಮಚ ಹಾಕಿದಳು. ಸಿಡಿಯಲಿಲ್ಲ. ಉರಿ ಜೋರು ಮಾಡಿ ಮತ್ತೊಂದು ಹಾಕಿದಳು. "ಈಗಿನ ಸಾಸಿವೆಗೂ ಸೋಮಾರಿತನ," ಎಂದು ಬೈದು, ಕರಿಬೇವು ಇಂಗು ಸೇರಿಸಿ ಸಾರಿಗೆ ಸುರಿದಳು. ನಾವು ಮಧ್ಯಾಹ್ನ ಉಂಡಾಗ ಸಾರು ಸ್ವಲ್ಪ ಗಟ್ಟಿ ಅನ್ನಿಸಿತು, ಅಷ್ಟೆ. ಸಂಜೆ ಲತಾ ಬಿಸಿ ಮಾಡಲು ಹೋದವಳು ಪಾತ್ರೆಯನ್ನೇ ಹಿಡಿದುಕೊಂಡು ಹೊರಗೆ ಬಂದಳು. ಸೌಟು ಅದರಲ್ಲಿ ನೆಟ್ಟಗೆ ನಿಂತಿತ್ತು. ಪಾತ್ರೆಯನ್ನು ಓರೆ ಮಾಡಿದರೆ ಇಡೀ ಸಾರು ಒಂದೇ ದೇಹವಾಗಿ ಪಕ್ಕಕ್ಕೆ ಹೊರಳಿ, ನಡುಗಿ, ನಿಂತುಕೊಂಡಿತು.

"ಅತ್ತೆ, ಸಾರಿಗೆ ಏನು ಹಾಕಿದ್ರಿ?" ಅಂತ ಲತಾ ಕೇಳಿದಳು.

ಅಮ್ಮ ಪಾತ್ರೆಯೊಳಗೆ ಬಗ್ಗಿ ನೋಡಿದಳು. ನೀರು ಕುಡಿದ ಒಂದೊಂದು ಚಿಯಾ ಕಾಳೂ ಲೋಳೆಯ ಕವಚ ತೊಟ್ಟು ಕಪ್ಪೆಮೊಟ್ಟೆಯ ಹಾಗೆ ಅವಳನ್ನೇ ದಿಟ್ಟಿಸುತ್ತಿತ್ತು. ಅಮ್ಮ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದಳು. "ಇದನ್ನೇ ಏನೋ ನೀನು ದಿನಾ ತಿನ್ನೋದು?" ಎಂದು ಕೇಳುವಾಗ ಅವಳ ದನಿಯಲ್ಲಿ ಬೈಗುಳ ಇರಲಿಲ್ಲ, ಕರುಣೆ ಇತ್ತು.

ಹೀಗೆ ಎರಡು ಕಡೆಯಿಂದಲೂ ತಪಸ್ಸು ನಡೆಯಿತು. ನಾನು ಆರೋಗ್ಯಕರವಾದುದನ್ನೇ ತಿಂದೆ. ಇಲ್ಲಿ ನಾನು ನನ್ನ ತಿನ್ನುವ ಕ್ರಮವನ್ನು ವಿವರಿಸಬೇಕು. ಚಿಕ್ಕಂದಿನಲ್ಲಿ ಬೇಕರಿಯ ದಿಲ್‌ಪಸಂದ್ ತಂದರೆ ಅಮ್ಮ ಅದನ್ನು ಮೂರು ಮೂಲೆಯಾಗಿ ಕತ್ತರಿಸಿ ಆಳಿಗೊಂದು ತುಂಡು ಕೊಡುತ್ತಿದ್ದಳು. ಸಿಹಿ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಅದಕ್ಕೊಂದು ಕಾವಲಿತ್ತು. ಖರ್ಜೂರದ ಬಾರಿಗೆ ಕಾವಲಿಲ್ಲ. ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರ, 'ಸಕ್ಕರೆ ಸೇರಿಸಿಲ್ಲ' ಎಂಬ ಭರವಸೆ. ಅಷ್ಟು ಹೇಳಿದ ಮೇಲೂ ಅಳೆದು ತಿಂದರೆ ಅವರನ್ನು ನಂಬಲಿಲ್ಲ ಅಂತಾಯಿತು. ಬೆಳಿಗ್ಗೆ ಒಂದು ಬಟ್ಟಲು ಗ್ರನೋಲಾ, ಅದು ಆರೋಗ್ಯಕರವಾದ್ದರಿಂದ ಇನ್ನೊಂದು ಬಟ್ಟಲು. ಆಫೀಸಿನಲ್ಲಿ ಸಂಜೆ ಬಜ್ಜಿ ಬೇಡವೆಂದು ತ್ಯಾಗ ಮಾಡಿ, ಆ ತ್ಯಾಗದ ಸಂತೋಷಕ್ಕೆ ಬೆಲ್ಲದ ರಾಗಿ ಬಿಸ್ಕತ್ತು, ಪೊಟ್ಟಣ ಮುಗಿಯುವವರೆಗೆ. ಟಿ.ವಿ. ನೋಡುತ್ತ ಕಡಲೆಬೀಜದ ಬೆಣ್ಣೆಯನ್ನು ಚಮಚದಲ್ಲೇ. ನನ್ನ ಪ್ಯಾಂಟು ಬಿಗಿಯಾಗುತ್ತಿರುವುದನ್ನು ನೋಡಿ, ಒಳ್ಳೆಯ ಆಹಾರದಿಂದ ಮಾಂಸಖಂಡ ಬೆಳೆಯುತ್ತಿದೆ ಎಂದುಕೊಂಡೆ.

ಮೂರು ತಿಂಗಳಾಯಿತು. ರಕ್ತ ಕೊಟ್ಟು ಬಂದೆ. ಸಂಜೆ ರಿಪೋರ್ಟು ಮೊಬೈಲಿಗೇ ಬಂತು. ಇಳಿದಿರಲಿಲ್ಲ. ಇದ್ದಲ್ಲೇ ಇದ್ದಿದ್ದರೂ ಮರ್ಯಾದೆಯಾಗಿರುತ್ತಿತ್ತು, ಸ್ವಲ್ಪ ಏರಿತ್ತು. ಡಾಕ್ಟರಿಗೆ ಫೋನ್ ಮಾಡಿದರೆ, "ಏನು ತಿಂತಿದೀರಿ ಸರ್?" ಅಂದರು. ಹೇಳಿದೆ. ಅವರು ಪಟ್ಟಿಯನ್ನು ಇನ್ನೊಂದು ಸಲ ಹೇಳಿಸಿಕೊಂಡರು. ಆಮೇಲೆ, "ಇನ್ನೊಂದೇ ಒಂದು ಚಾನ್ಸ್ ಕೊಡ್ತೀನಿ. ನಡೀರಿ ಸರ್, ದಯವಿಟ್ಟು ನಡೀರಿ," ಅಂದರು.

ಬಾಗಿಲು ಮುಚ್ಚಿ ಲತಾಳಿಗೆ ರಿಪೋರ್ಟು ತೋರಿಸಿದೆ. ನನ್ನನ್ನು ಬೈಯಬೇಕಾದಷ್ಟು ಬೈದು ಮುಗಿಸಿ, ಅವಳೂ ಮೆತ್ತಗಾದಳು. "ರೀ, ಅತ್ತೆಗೆ ಇಳಿದಿದೆ ಅಂತ ಹೇಳಿಬಿಡಿ. ಪಾಪ, ಕಾಫಿ ಕುಡೀಲಿ. ನಿಮ್ಮ ಸಕ್ಕರೆಯನ್ನ ನಾವು ಆಮೇಲೆ ನೋಡ್ಕೊಳ್ಳೋಣ," ಅಂದಳು. ವಿಜ್ಞಾನದ ಮೇಷ್ಟ್ರಮ್ಮನೇ ಸುಳ್ಳು ಹೇಳು ಅಂದಮೇಲೆ ನನಗೇನು ಅಡ್ಡಿ. ಹೊರಗೆ ಹೋಗಿ, ಗಂಟಲು ಸರಿಮಾಡಿಕೊಂಡು, "ಅಮ್ಮಾ, ಶುಗರ್ ಇಳಿದಿದೆ," ಅಂದೆ.

ಅಮ್ಮನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಅವಳು ದೇವರಿಗೆ ಕೈಮುಗಿದಳು, ಸೆರಗು ಸಿಕ್ಕಿಸಿದಳು, ಎಲ್ಲೋ ಹಿಂದೆ ಸರಿಸಿಟ್ಟಿದ್ದ ಫಿಲ್ಟರನ್ನು ತೆಗೆದಳು. ಸ್ವಲ್ಪ ಹೊತ್ತಿಗೆಲ್ಲ ಮನೆ ತುಂಬ ಡಿಕಾಕ್ಷನ್ ಪರಿಮಳ. ಎಷ್ಟೋ ದಿನಗಳ ಮೇಲೆ ನಮ್ಮ ಮನೆ ನಮ್ಮ ಮನೆಯ ಹಾಗೆ ಅನ್ನಿಸಿತು. ಅಮ್ಮ ಮೂರು ಲೋಟ ತಂದು ಮೇಜಿನ ಮೇಲಿಟ್ಟಳು. ನನ್ನ ಲೋಟವನ್ನು ನನ್ನ ಕಡೆ ತಳ್ಳಿ, "ಕುಡಿ. ನಿನಗೇ ಅಂತ ಎರಡು ಚಮಚ ಸಕ್ಕರೆ ಹಾಕಿದೀನಿ. ಪಾಪ, ಎಷ್ಟು ದಿನ ಆ ಲೋಳೆ ತಿಂದ್ಯೋ," ಅಂದಳು.

ನಾನು ಲತಾಳ ಮುಖ ನೋಡಿದೆ. ಲತಾ ಗೋಡೆ ನೋಡಿದಳು.

"ಬೇಡಮ್ಮ. ನಂಗೆ ಸಕ್ಕರೆ ಅಭ್ಯಾಸ ತಪ್ಪಿಹೋಗಿದೆ."

"ಇಳಿದಿದೆಯಲ್ಲೋ. ಒಂದು ದಿನಕ್ಕೇನಾಗುತ್ತೆ?"

"ಹಾಗಲ್ಲ..."

"ಗೋಪಿ, ಇಲ್ಲಿ ನೋಡು."

ಐವತ್ತು ದಾಟಿದವನು ನಾನು. ಫ್ಯಾಕ್ಟರಿಯಲ್ಲಿ ಸಾಮಾನು ಕೇಳಿ ಬಂದವರ ಎದುರು ಕಣ್ಣು ಮಿಟುಕಿಸದೆ ಸ್ಟಾಕಿಲ್ಲ ಅನ್ನಬಲ್ಲೆ. ಅಮ್ಮನ ಮುಖ ನೋಡಲು ಆಗಲಿಲ್ಲ. ಅವಳಿಗೆ ಗೊತ್ತಾಗಿಹೋಯಿತು. ಅವಳು ಕೂಗಾಡುತ್ತಾಳೆ ಎಂದು ಕಾದೆ, ಅವಳು ಕೂಗಾಡಲಿಲ್ಲ. ತನ್ನ ಲೋಟವನ್ನು ಎತ್ತಿ, ಮೂಗಿನ ಹತ್ತಿರ ಹಿಡಿದು, ಒಂದು ಸಲ ಉದ್ದಕ್ಕೆ ಉಸಿರೆಳೆದುಕೊಂಡಳು. ಆಮೇಲೆ ಅದನ್ನು ಲತಾಳ ಮುಂದೆ ಇಟ್ಟು, "ನೀನಾದ್ರೂ ಕುಡಿಯಮ್ಮ, ಹಾಳಾಗೋದು ಬೇಡ," ಎಂದು ಬಾಲ್ಕನಿಗೆ ಹೋದಳು. ಅವತ್ತು ನನಗಾದ ನಾಚಿಕೆ ಯಾವ ರಿಪೋರ್ಟಿನಿಂದಲೂ ಆಗಿರಲಿಲ್ಲ.

ಮರುದಿನ ಭಾನುವಾರ. ಲತಾ ನನ್ನ ಪೊಟ್ಟಣಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು. "ರೀ, ಮುಂದೆ ಬರೆದದ್ದನ್ನಷ್ಟೇ ಓದ್ತೀರಲ್ಲಾ, ಒಂದ್ಸಲ ಹಿಂದೆ ತಿರುಗಿಸಿ," ಅಂದಳು. ತಿರುಗಿಸಿದೆ. ಹಿಂದೆ, ಇರುವೆಗೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ, ಜೇನು, ಬೆಲ್ಲ, ಖರ್ಜೂರದ ಪಾಕ, ಯಾವುದೋ ಧಾನ್ಯದ ಸಿರಪ್ಪು ಎಲ್ಲ ಒಂದರ ಹಿಂದೊಂದು ಅವಿತು ಕೂತಿದ್ದವು. ಗ್ರನೋಲಾ, ಬಾರು, ಬಿಸ್ಕತ್ತು ಮನೆ ಬಿಟ್ಟವು. ಬೀಜಗಳು ದೊಡ್ಡ ಡಬ್ಬದಿಂದ ಚಿಕ್ಕ ಡಬ್ಬಕ್ಕೆ ಬಂದವು. ಅಂಗಡಿಯನ್ನು ಮಾತ್ರ ನಾವು ಬಿಡಲಿಲ್ಲ, ಶರಣಪ್ಪನನ್ನು ಬಿಡುವುದು ಅಮ್ಮನಿಗೆ ಒಪ್ಪಿಗೆಯಿರಲಿಲ್ಲ. ಏನು ತರಿಸುವುದು ಎಂದು ಅಮ್ಮ, ಲತಾ ಇಬ್ಬರೂ ಕನ್ನಡಕ ಹಾಕಿಕೊಂಡು ಮೊಬೈಲಿನ ಮೇಲೆ ಬಗ್ಗಿ ಕೂತು ಆರಿಸುವುದು ಶುರುವಾಯಿತು.

ನೀವು ಕೇಳಿದಿರಿ ಅಂತ ನನ್ನ ಮೆಚ್ಚಿನವನ್ನು ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಸಿಪ್ಪೆಯಿರುವ ಹೆಸರುಕಾಳು. ಅದು ಮೊಳಕೆ ಬಂದರೆ ಕೋಸಂಬರಿ, ಬರದಿದ್ದರೆ ಪಲ್ಯ, ಹೇಗೂ ನಷ್ಟವಿಲ್ಲ. ಕಪ್ಪು ಕಡಲೆ. ಏನೂ ಬೆರೆಸದ ಓಟ್ಸು. ಅದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಉಪ್ಪಿಟ್ಟಿನ ವೇಷ ಕಟ್ಟಿದರೆ ಮುಖ ನೋಡಬಹುದು. ಅಗಸೆ ಬೀಜವನ್ನು ಒಣಮೆಣಸಿನಕಾಯಿ, ಬೆಳ್ಳುಳ್ಳಿ ಜತೆ ಹುರಿದು ಮಾಡಿದ ಪುಡಿ. ಇದನ್ನು ಹೇಳಿಕೊಟ್ಟವಳು ಶರಣಪ್ಪನ ಹೆಂಡತಿ. ಮತ್ತು ನವಣೆ. ನವಣೆ ಅನ್ನವನ್ನು ಮೆಚ್ಚಿ ನಾನು, ಹಿಂದಿನವರು ಇದನ್ನೇ ತಿಂದು ಎಷ್ಟು ಗಟ್ಟಿಯಾಗಿದ್ದರು ಎಂದು ಸಣ್ಣ ಭಾಷಣ ಶುರುಮಾಡಿದ್ದೆ. ಅಮ್ಮ ತಡೆದಳು. "ನಮ್ಮಪ್ಪನ ಮನೇಲಿ ನವಣೆ ತಿಂದಿದ್ದು ಅಕ್ಕಿ ಸಿಗದೆ. ರೇಷನ್ ಅಕ್ಕಿ ಬಂದ ದಿನ ಹಬ್ಬ. ಸುಮ್ನೆ ತಿನ್ನು."

ಇನ್ನು ನಡಿಗೆ. ಅದರ ಉಸ್ತುವಾರಿಯನ್ನು ಅಮ್ಮ ತಾನೇ ವಹಿಸಿಕೊಂಡಳು. ಬೆಳಿಗ್ಗೆ ಬಿಸಿನೀರಿನ ಲೋಟ ಮುಗಿಸಿದ್ದೇ ನನ್ನನ್ನು ಎಬ್ಬಿಸಿ, ಆಟೋ ಹತ್ತಿಸಿ, ಕಲ್ಕೆರೆಯ ಕೆರೆಯ ಹತ್ತಿರ ಇಳಿಸಿ, ಕಲ್ಲುಬೆಂಚಿನ ಮೇಲೆ ಶಾಲು ಹೊದ್ದು ಕೂರುತ್ತಿದ್ದಳು. ನಾನು ಅಲ್ಲಲ್ಲಿ ನಿಂತು ಕೊಕ್ಕರೆ ನೋಡುವ ನೆಪದಲ್ಲಿ ಉಸಿರು ತೆಗೆದುಕೊಂಡರೆ ದೂರದಿಂದಲೇ ಕೈಬೀಸಿ ನಡಿ ನಡಿ ಎನ್ನುವಳು. ಕೆರೆಗೆ ಬರುವವರೆಲ್ಲ ಅವಳಿಗೆ ಪರಿಚಯವಾದರು. ನಾನು ಹತ್ತಿರ ಬಂದಾಗ ಯಾವನೋ ಟ್ರ್ಯಾಕ್ ಪ್ಯಾಂಟಿನವನು, "ಸರ್, ಸ್ಪೀಡ್ ಕಮ್ಮಿಯಾಯ್ತು. ನಿಮ್ಮಮ್ಮ ಕಾಫಿ ಬಿಟ್ಟಿದಾರೆ, ನೆನಪಿರ್ಲಿ," ಎಂದು ಓಡಿಹೋದ. ಇಡೀ ಕಲ್ಕೆರೆಗೆ ನನ್ನ ಸಕ್ಕರೆಯ ಮೇಲೆ ಕಣ್ಣಿತ್ತು.

ಮತ್ತೆ ರಕ್ತ ಕೊಡುವ ದಿನ ಬಂತು. ಈ ಸಲ ರಿಪೋರ್ಟನ್ನು ಮೊಬೈಲಿನಲ್ಲಿ ನೋಡಕೂಡದು, ಕ್ಲಿನಿಕ್ಕಿನಲ್ಲೇ ಡಾಕ್ಟರ ಬಾಯಿಂದಲೇ ಕೇಳಬೇಕು, ತಾನೂ ಬರುತ್ತೇನೆ ಎಂದು ಅಮ್ಮನ ಅಪ್ಪಣೆಯಾಯಿತು. ನನ್ನ ಮಾತಿನ ಬೆಲೆ ಆ ಮಟ್ಟಕ್ಕೆ ಇಳಿದಿತ್ತು. ಲತಾಳಿಗೆ ಶಾಲೆಯಿತ್ತು. ನಾನೂ ಅಮ್ಮನೂ ಹೊರಟೆವು. ಅಮ್ಮನ ಕೈಯಲ್ಲಿ ಒಂದು ಫ್ಲಾಸ್ಕು.

"ಇದೇನಮ್ಮ?"

"ಕಾಫಿ. ಇಳಿದಿದ್ರೆ ಅಲ್ಲೇ ಕುಡೀತೀನಿ. ಮನೆಗೆ ಬರೋ ತನಕ ಕಾಯಕ್ಕಾಗಲ್ಲ."

ಇಳಿಯದಿದ್ದರೆ ಏನು ಮಾಡುತ್ತಾಳೆಂದು ನಾನು ಕೇಳಲಿಲ್ಲ. ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿಗೆ ಹೆದರಿ ಬೈಯಪ್ಪನಹಳ್ಳಿಯವರೆಗೆ ಆಟೋದಲ್ಲಿ ಹೋಗಿ ಅಲ್ಲಿಂದ ಮೆಟ್ರೋ ಹಿಡಿಯುವುದೆಂದು ಮಾಡಿದ್ದೆ. ಸ್ಟೇಷನ್ನಿನಲ್ಲಿ ತಪಾಸಣೆಯ ಹೆಣ್ಣುಮಗಳು ಫ್ಲಾಸ್ಕು ನೋಡಿ ನಿಲ್ಲಿಸಿದಳು.

"ಏನಮ್ಮ ಇದರಲ್ಲಿ?"

"ಕಾಫಿ ತಾಯಿ."

"ಒಂದು ಗುಟುಕು ಕುಡಿದು ತೋರ್ಸಿಬಿಡಿ, ಹೋಗಿ."

ಅಮ್ಮ ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡಳು. "ನಾನು ಕುಡಿಯೋ ಹಾಗಿಲ್ಲ."

ಆಕೆಯ ಹುಬ್ಬು ಮೇಲಕ್ಕೆ ಹೋಯಿತು. ತಾನೇ ತಂದ ಕಾಫಿಯನ್ನು ತಾನೇ ಕುಡಿಯಲು ಒಪ್ಪದ ಮುದುಕಿಯನ್ನು ಆಕೆ ಆ ಕೆಲಸದಲ್ಲಿ ನೋಡಿರಲಿಕ್ಕಿಲ್ಲ. ನಾನು ಮುಂದೆ ಬಂದು, "ಕೊಡಿ ಮೇಡಂ, ನಾನು ಕುಡೀತೀನಿ," ಅಂದೆ.

"ಮುಟ್ಟಬೇಡ!" ಎಂದು ಅಮ್ಮ ಚೀರಿದಳು. "ಅದರಲ್ಲಿ ಸಕ್ಕರೆ ಇದೆ. ಈಗ ಏರಿಬಿಟ್ರೆ?"

ನಮ್ಮ ಹಿಂದೆ ಸಾಲು ಬೆಳೆಯಿತು. ಇನ್ನೊಬ್ಬ ಗಾರ್ಡು ಬಂದ. ತಾಯಿ ಕುಡಿಯುವುದಿಲ್ಲ, ಮಗನಿಗೆ ಕುಡಿಯಲು ಬಿಡುವುದಿಲ್ಲ, ಆದರೆ ಫ್ಲಾಸ್ಕನ್ನು ಬಿಟ್ಟುಕೊಡುವುದೂ ಇಲ್ಲ. ಅಮ್ಮ ಮೊದಲಿನಿಂದ, ಅಂದರೆ ನಮ್ಮಪ್ಪನ ಕಾಯಿಲೆಯಿಂದ, ಹರಕೆಯ ಕತೆ ಹೇಳಲು ಶುರುಮಾಡಿದಳು. ಕೊನೆಗೆ ಸಾಲಿನಲ್ಲಿದ್ದ ಒಬ್ಬ ಹುಡುಗಿ, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ, ಕೈ ಮುಂದೆ ಮಾಡಿ, "ಆಂಟಿ, ನಾನು ಕುಡೀಲಾ? ಲೇಟಾಗ್ತಿದೆ," ಅಂದಳು. ಅಮ್ಮ ಸ್ವಲ್ಪ ಯೋಚಿಸಿ ಮುಚ್ಚಳಕ್ಕೆ ಅರ್ಧ ಹಾಕಿಕೊಟ್ಟಳು. ಹುಡುಗಿ ಕುಡಿದಳು. ಗಾರ್ಡುಗಳು ಅವಳನ್ನೇ ನೋಡಿದರು. ಅವಳಿಗೇನೂ ಆಗಲಿಲ್ಲ. "ಸೂಪರ್ ಆಗಿದೆ ಆಂಟಿ," ಅಂದಳು.

"ಡಿಕಾಕ್ಷನ್ ಸರಿಯಾಗಿದೆಯಾ? ನಾನು ರುಚಿ ನೋಡಿಲ್ಲ," ಎಂದು ಅಮ್ಮ ಅವಳನ್ನು ಪ್ಲಾಟ್‌ಫಾರಂವರೆಗೂ ವಿಚಾರಿಸಿಕೊಂಡು ಹೋದಳು.

ಕ್ಲಿನಿಕ್ಕಿನಲ್ಲಿ ಜನವೋ ಜನ. ರಕ್ತ ಕೊಟ್ಟು, ಟೋಕನ್ ಹಿಡಿದು, ರಿಪೋರ್ಟು ಬರುವವರೆಗೆ ಬಹಳ ಹೊತ್ತು ಕಾದೆವು. ಅಮ್ಮ ಫ್ಲಾಸ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈ ಅದರ ಮೇಲೆ ಇಟ್ಟು, ತುಟಿ ಅಲ್ಲಾಡಿಸುತ್ತ ಕೂತಿದ್ದಳು. ಮಾತ್ರೆಯ ಹೆದರಿಕೆ ನನಗೆ ಆಗ ಇರಲಿಲ್ಲ. ಹತ್ತು ಮಾತ್ರೆ ಬೇಕಾದರೂ ನುಂಗುತ್ತೇನೆ, ಆ ಫ್ಲಾಸ್ಕು ಹಾಗೇ ಮುಚ್ಚಿಕೊಂಡು ಮನೆಗೆ ವಾಪಸ್ಸು ಹೋಗುವುದೊಂದು ಬೇಡ ಅನ್ನಿಸಿತು.

ಡಾಕ್ಟರು ರಿಪೋರ್ಟು ನೋಡಿದರು, ಹಳೆಯದರ ಪಕ್ಕದಲ್ಲಿಟ್ಟು ಮತ್ತೆ ನೋಡಿದರು. "ಗುಡ್. ಇಳಿದಿದೆ ಸರ್. ಇನ್ನೂ ಸ್ವಲ್ಪ ಇಳೀಬೇಕು, ಆದ್ರೆ ಮಾತ್ರೆ ಬೇಡ. ಹೀಗೇ ಮುಂದುವರಿಸಿ," ಅಂದರು.

ನಾನು ಅಮ್ಮನ ಕಡೆ ತಿರುಗಿದೆ. ಅವಳು ಫ್ಲಾಸ್ಕು ತೆರೆಯಲಿಲ್ಲ. ಮುಂದಕ್ಕೆ ಬಾಗಿ, "ಡಾಕ್ಟ್ರಮ್ಮ, ನಾನು ದೇವರ ಹತ್ರ 'ಇಳಿಯೋ ತನಕ' ಅಂತ ಹೇಳ್ಕೊಂಡಿದ್ದೆ. ಎಷ್ಟು ಅಂತ ಹೇಳಿರಲಿಲ್ಲ. ಇಷ್ಟು ಇಳಿದ್ರೆ ಸಾಕಾಗುತ್ತಾ?" ಅಂದಳು.

ಡಾಕ್ಟರು ನನ್ನನ್ನು ನೋಡಿದರು. ನಾನು ಎರಡೇ ಮಾತಿನಲ್ಲಿ ಹರಕೆಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ರಿಪೋರ್ಟನ್ನು ಇನ್ನೊಂದು ಸಲ, ಈ ಸಲ ಬಹಳ ಗಂಭೀರವಾಗಿ, ಮೇಲಿಂದ ಕೆಳಗಿನವರೆಗೆ ಓದಿದರು.

"ಸಾಕಮ್ಮ," ಅಂದರು. "ಕುಡೀರಿ."

ಅಮ್ಮ ಮುಚ್ಚಳ ತಿರುಗಿಸಿ, ಅದಕ್ಕೆ ಕಾಫಿ ಬಗ್ಗಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು.

"ಬಿಸಿ ಇದೆಯಾಮ್ಮ?" ಅಂದೆ.

"ಆರಿಹೋಗಿದೆ," ಅಂದಳು, ಕಣ್ಣು ತೆರೆಯದೆ. "ಮಾತಾಡಿಸ್ಬೇಡ, ಸುಮ್ನಿರು."

ಹೊರಗೆ ಟೋಕನ್ ಹಿಡಿದವರ ಗೊಣಗಾಟ ಕೇಳುತ್ತಿತ್ತು. ಮುಂದಿನವರನ್ನು ಕರೆಯಲು ಗಂಟೆಯ ಕಡೆಗೆ ಕೈ ಚಾಚಿದ್ದ ಡಾಕ್ಟರು ಅಮ್ಮನನ್ನು ನೋಡಿ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು.